ಪರೀಕ್ಷಿಸಿದವರು: ಸುಮಾನಿ

ಬೆಳಿಗ್ಗೆ ಮೇಲ್ ತೆರೆದಾಗ ವುಂಪಿನಿಯ ಕಣ್ಣಿಗೆ ಮೊದಲು ಬಿದ್ದದ್ದು ಆಫಾ ಸುಮಾನಿಯವರ ಹೆಸರು. ಶಾಲೆಯಲ್ಲಿ ಅವಳಿಗೆ ಲೆಕ್ಕ ಕಲಿಸಿದ ಮೇಷ್ಟ್ರು ಅವರು; ಆಫಾ ಎಂದರೆ ಅಲ್ಲಿಯ ಮಾತಲ್ಲಿ ಮೇಷ್ಟ್ರು ಎಂದೇ. ಕಂಪ್ಯೂಟರಿನ ಎಲ್ಲ ಕೆಲಸಕ್ಕೂ ಅಡಿಪಾಯವಾದ ಕರ್ನಲ್ ಎಂಬ ತಂತ್ರಾಂಶ ಬರೆಯುವವರ ಬಳಗಕ್ಕೆ ತಾವಾಗಿ ಒಂದು ಮಾತು ಬರೆದದ್ದು ಇದೇ ಮೊದಲು.

"ಈ ತಿದ್ದುಪಡಿಯನ್ನು ಪರೀಕ್ಷಿಸಿದವನು ನಾನೇ. ನಡುವೆ ಕರೆಂಟ್ ತೆಗೆದು ನೋಡಬೇಕೆಂದು ನನಗೆ ಹೊಳೆಯಲಿಲ್ಲ. ತಪ್ಪು ನನ್ನದು. ಎಲ್ಲರೂ ಕ್ಷಮಿಸಬೇಕು."

ದೇಶದೇಶಗಳ ಸಾವಿರಾರು ಜನ ಓದುವ ಬಳಗ ಅದು. ವುಂಪಿನಿ ಲ್ಯಾಪ್‌ಟಾಪನ್ನು ಪಟಾರನೆ ಮುಚ್ಚಿದಳು. ಮುಚ್ಚಿಬಿಟ್ಟರೆ ಹೋಗುತ್ತದೆಯೇ? ತಪ್ಪು ಅವರದಾಗಿರಲಿಲ್ಲ. ಅವರು ಪರೀಕ್ಷಿಸಿದ ತಿದ್ದುಪಡಿಯೇ ಬೇರೆ. ಈ ವಿಷಯ ಗೊತ್ತಿದ್ದದ್ದು ಅವಳೊಬ್ಬಳಿಗೆ, ಮತ್ತು ಅವಳು ಬಾಯಿ ಬಿಡದಿದ್ದರೆ ಇನ್ಯಾರಿಗೂ ಗೊತ್ತಾಗುವಂತಿರಲಿಲ್ಲ.

ನಿವೃತ್ತರಾದ ಮೇಲೆ ಸುಮಾನಿ ತಮಾಲೆ ಪಟ್ಟಣದ ಒಂದು ಸಣ್ಣ ರೇಡಿಯೋ ಕೇಂದ್ರ ನಡೆಸುತ್ತಿದ್ದರು. ಎರಡು ಕೋಣೆ, ಒಂದು ಹಳೆಯ ಕಂಪ್ಯೂಟರು, ಅದರೊಳಗೆ ಅಗ್ಗದ ಡಿಸ್ಕು. ಒಂದು ಕಡೆ ಹಾಡು ಹೋಗುತ್ತಿರುವಾಗ ಇನ್ನೊಂದು ಕಡೆ ಯಾರದಾದರೂ ಮಾತು ದಾಖಲಾಗಲು ಶುರುವಾಯಿತೋ, ಹಾಡು ಮುಗ್ಗರಿಸುತ್ತಿತ್ತು. "ಆಫಾ, ನಿಮ್ಮ ರೇಡಿಯೋಗೆ ತೊದಲು ಬಂದಿದೆ, ಯಾರಿಗಾದ್ರೂ ತೋರಿಸಿ" ಎಂದು ಟೀ ಅಂಗಡಿಯವನು ಕಿಚಾಯಿಸುತ್ತಿದ್ದ.

ತೋರಿಸಲು ಅವರಿಗೆ ವುಂಪಿನಿ ಇದ್ದಳು. ಕಂಪ್ಯೂಟರಿನ ಎಲ್ಲ ಕೆಲಸಕ್ಕೂ ಅಡಿಪಾಯವಾದ ಕರ್ನಲ್‌ನಲ್ಲಿ, ಡಿಸ್ಕಿನ ಮುಂದೆ ಕಾಯುವ ಕೆಲಸಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂದು ನಿರ್ಧರಿಸುವ ಭಾಗವೇ ಅವಳ ಕಸುಬು. ಬೀದಿಯ ನಲ್ಲಿಯ ಮುಂದೆ ಡ್ರಮ್ಮುಗಳ ಸಾಲು ಇಟ್ಟುಕೊಂಡ ಹೆಂಗಸಿನ ಹಿಂದೆ ಒಂದು ಚೊಂಬು ಹಿಡಿದ ಮಗು ಕಾಯುತ್ತ ನಿಂತ ಹಾಗಾಗಿದೆ ಎಂದು ಅವಳಿಗೆ ನೋಡಿದೊಡನೆ ತಿಳಿಯಿತು. ಚೊಂಬಿನವರಿಗೆ, ಅಂದರೆ ಹಾಡಿಗೆ, ಮೊದಲು ನೀರು ಸಿಗುವಂತೆ ತಿದ್ದಿದಳು. ಸುಮಾನಿ ವಾರವಿಡೀ ಕೂತು ಕೇಳಿ, "ತೊದಲು ನಿಂತಿದೆ" ಎಂದು ಬರೆದುಕೊಟ್ಟರು.

ಆ ಬಳಗದಲ್ಲಿ ಒಂದು ಪದ್ಧತಿಯಿದೆ. ತಿದ್ದುಪಡಿಯ ಕೆಳಗೆ ಬರೆದವರ ಹೆಸರು, ಓದಿ ನೋಡಿದವರ ಹೆಸರು, ಪರೀಕ್ಷಿಸಿದವರ ಹೆಸರು ಇರಬೇಕು. ಅಲಂಕಾರಕ್ಕಲ್ಲ, ಆಣೆಗೆ ಸಮಾನ. ತಿದ್ದುಪಡಿ ಆಮೇಲೆ ಬದಲಾದರೆ ಪರೀಕ್ಷಿಸಿದವರ ಹೆಸರು ತೆಗೆದುಹಾಕಿ, ಮತ್ತೆ ಪರೀಕ್ಷೆ ಮಾಡಿಸಿ, ಮತ್ತೆ ಕೇಳಿಯೇ ಹಾಕಬೇಕು. "ಪರೀಕ್ಷಿಸಿದವರು: ಸುಮಾನಿ" ಎಂಬ ಸಾಲು ನೋಡಿದ ದಿನ ಮೇಷ್ಟ್ರು ಟೀ ಅಂಗಡಿಯಲ್ಲಿದ್ದವರಿಗೆಲ್ಲ ಬಿಸಿ ಕೋಸೆ ವಡೆ ಕೊಡಿಸಿದರು. "ಜಪಾನಿನವ್ರೂ ನನ್ನ ಹೆಸರು ಓದ್ತಾರೆ ಕಣೋ. ತೊದಲು ಅಂದ್ಯಲ್ಲ, ಈಗ ಅನ್ನು ನೋಡೋಣ!"

ಆ ಭಾಗದ ಉಸ್ತುವಾರಿ ಪೋಲೆಂಡಿನ ಲುಬೋಮಿರ್. ತಿದ್ದುಪಡಿ ಚೆನ್ನಾಗಿದೆ, ಆದರೆ ವೇಗ ಇನ್ನೂ ಸಾಲದು ಎಂದು ಅವನು ಬರೆದ. ಈ ಸಲದ ಕರ್ನಲ್‌ಗೆ ಹೊಸದನ್ನು ಸೇರಿಸಿಕೊಳ್ಳುವ ಬಾಗಿಲು ಮುಚ್ಚುವುದರಲ್ಲಿತ್ತು. ವುಂಪಿನಿಗೆ ಆತುರ ಹತ್ತಿತು. "ಕೊಟ್ಟದ್ದನ್ನು ಡಿಸ್ಕಿನ ಮೇಲೆ ಗಟ್ಟಿಯಾಗಿ ಬರೆದು, ಆಮೇಲೆ ಆಯಿತು ಅನ್ನು" ಎಂಬ ಆಜ್ಞೆಯೊಂದಿದೆ. ಡಿಸ್ಕು ಅದಕ್ಕೆ ಸಮಯ ತಿನ್ನುತ್ತದೆ. ಅವಳು ಡಿಸ್ಕನ್ನು ನಡೆಸುವ ಡ್ರೈವರ್ ಎಂಬ ಭಾಗವನ್ನು ಹೇಗೆ ತಿದ್ದಿದಳೆಂದರೆ, ಅದು "ಆಯಿತು" ಎಂದು ಮೊದಲೇ ಹೇಳಿ ಬರೆಯುವುದನ್ನು ಆಮೇಲೆ ಮಾಡತೊಡಗಿತು. ವೇಗದ ಅಂಕಿಗಳು ಜಿಗಿದವು.

ಅವಳ ಕಚೇರಿಯ ಮಾಡಿನ ಮೇಲೆ ಸೋಲಾರ್, ಮೂಲೆಯಲ್ಲಿ ಬ್ಯಾಟರಿ. ಅಲ್ಲಿ ದೀಪ ಮಿಣುಕುವುದೂ ಇಲ್ಲ. ತಮಾಲೆಯಲ್ಲಿ ಹುಟ್ಟಿ, ಪರೀಕ್ಷೆಗಳಿಗೆಲ್ಲ ಲಾಟೀನಿನ ಬೆಳಕಲ್ಲಿ ಓದಿದ ಹುಡುಗಿ ಕರೆಂಟ್ ಹೋಗುತ್ತದೆ ಎನ್ನುವುದನ್ನೇ ಮರೆತಳೇ? ಮರೆತಳು ಎಂದರೆ ಪೂರ್ತಿ ನಿಜವಾಗುವುದಿಲ್ಲ. ಹೊಳೆದಿತ್ತು. ಕಣ್ಣು ಮಿಟುಕಿಸುವಷ್ಟು ಹೊತ್ತು ತಾನೇ, ಅಷ್ಟರಲ್ಲಿ ಏನಾದೀತು ಎಂದು ತಳ್ಳಿಬಿಟ್ಟಿದ್ದಳು. ಸುಮಾನಿ ಆಗ ತಮ್ಮ ಅಣ್ಣನ ಸಾವಿಗೆಂದು ಯೆಂದಿ ಎಂಬ ಊರಿಗೆ ಹೋಗಿದ್ದರು. ಅವರ ಹೆಸರಿನ ಸಾಲು ಕೆಳಗೆ ಹಾಗೇ ಇತ್ತು. ಅದು ಇದ್ದದ್ದರಿಂದಲೇ, ಹೊಸದನ್ನೂ ಅವರು ಪರೀಕ್ಷಿಸಿದ್ದಾರೆಂದು ತಿಳಿದು, ಲುಬೋಮಿರ್ ಬೇಗ ಒಪ್ಪಿಕೊಂಡ.

ಹೊಸ ಕರ್ನಲ್ ಬಂದಾಗ ಕೇಂದ್ರದ ಕಂಪ್ಯೂಟರಿಗೆ ಅವಳೇ ಹಾಕಿಕೊಟ್ಟಳು.

ಡೋಲುಗಾರರ ಹಿರಿಯ ಲುನ್-ನಾ ಇಷ್ಟು ವರ್ಷ ಯಂತ್ರದ ಹತ್ತಿರ ಸುಳಿದವನಲ್ಲ. ಸುಮಾನಿ ಬೇಡಿ ಬೇಡಿ ಕೊನೆಗೆ ಒಪ್ಪಿಸಿದ್ದರು. ಒಂದು ಮಧ್ಯಾಹ್ನ ಮುದುಕ ಕೇಂದ್ರಕ್ಕೆ ಬಂದು, ತನ್ನ ತಂದೆ ಕಲಿಸಿದ ನಾಯಕರ ವಂಶದ ಕತೆಯನ್ನು ಡೋಲು ಬಾರಿಸುತ್ತ ಆದಿಯಿಂದ ಅಂತ್ಯದವರೆಗೆ ಹೇಳಿದ. ಪರದೆಯ ಮೇಲೆ "ಉಳಿಸಲಾಗಿದೆ" ಎಂದು ಬಂತು. ಸುಮಾನಿ ಅದನ್ನು ಅವನತ್ತ ತಿರುಗಿಸಿ, "ನೋಡಿ ಅಜ್ಜ, ಇನ್ನಿದು ಎಲ್ಲೂ ಹೋಗಲ್ಲ" ಎನ್ನುತ್ತಿದ್ದಂತೆ ಕರೆಂಟ್ ಹೋಯಿತು. ಮರಳಿ ಬಂದಾಗ ದಾಖಲೆಯ ಹೆಸರಿತ್ತು, ಒಳಗೆ ಒಂದು ದನಿಯೂ ಇರಲಿಲ್ಲ. ಬಲಿ ಕೊಡದೆ, ಹೊತ್ತು ನೋಡದೆ ಎರಡನೇ ಸಲ ಹೇಳುವ ಕತೆ ಅದಲ್ಲ. ಮುದುಕ ಡೋಲನ್ನು ಹೆಗಲಿಗೆ ಹಾಕಿಕೊಂಡು ಹೊರಟುಹೋದ.

ಬೇರೆ ದೇಶದವನೊಬ್ಬ ತನ್ನಲ್ಲೂ ಹೀಗೇ ಆಯಿತೆಂದು ಬಳಗಕ್ಕೆ ದೂರು ಬರೆದಿದ್ದ. ಕೊನೆಗೊಂದು ಚುಚ್ಚುಮಾತು: "ಪರೀಕ್ಷಿಸಿದ ಈ ಮಹಾಶಯರ ಊರಲ್ಲಿ ಕರೆಂಟ್ ಹೋಗುವುದೇ ಇಲ್ಲವೋ?" ಮೇಷ್ಟ್ರು ಕ್ಷಮೆ ಕೇಳಿದ್ದು ಅದಕ್ಕೆ.

ಆ ಮೇಲ್ ನೋಡಿದ ಬೆಳಿಗ್ಗೆಯೇ ವುಂಪಿನಿ ಬೈಕ್ ಹತ್ತಿ ಕೇಂದ್ರಕ್ಕೆ ಹೋದಳು. ಸುಮಾನಿ ಬಾಗಿಲ ಬಳಿ ಚಾಪೆಯ ಮೇಲಿದ್ದರು. ಅವಳು ಕುಕ್ಕರಗಾಲಲ್ಲಿ ಕೂತು, "ದಸಿಬಾ, ಆಫಾ" ಎಂದು ಬೆಳಗಿನ ನಮಸ್ಕಾರ ಹೇಳಿದಳು.

"ನಾ..." ಎಂದು ಅವರು ಓಗೊಟ್ಟರು. "ನಿದ್ದೆ ಬಂತಾ ಮಗಳೇ? ಅಮ್ಮ ಹೇಗಿದ್ದಾರೆ?" ಎಲ್ಲ ಕೇಳಿ ಮುಗಿಸಿದ ಮೇಲೆಯೇ ಅವರು ದನಿ ತಗ್ಗಿಸಿದ್ದು. "ಲುನ್-ನಾ ಮನೆಗೆ ಹೋಗಿದ್ದೆ. ಕ್ಷಮೆ ಕೇಳಿ ಕೋಲಾ ಬೀಜ ಇಟ್ಟು ಕೂತೆ. ಮುಟ್ಟಲಿಲ್ಲ ಕಣಮ್ಮ. ಉತ್ತರ ತಾಳೆ ನೋಡ್ದೇ ಬಿಡಬೇಡಿ ಅಂತ ನಿಮಗೆಲ್ಲ ಹೊಡೀತಿದ್ದೆ. ಈಗ ನಾನೇ ತಾಳೆ ನೋಡ್ದೇ ಹೆಸರು ಕೊಟ್ಟೆ. ನಿನ್ನ ಹೆಸರೂ ಕೆಡಿಸಿದೆ."

ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವಳಿಗೆ.

"ಆಫಾ, ನೀವು ನೋಡಿದ್ದು ಅದಲ್ಲ. ನೀವು ಸರಿಯಾಗೇ ನೋಡಿದ್ರಿ. ಆಮೇಲೆ ನಾನು ಬದಲಾಯಿಸ್ದೆ. ನಿಮ್ಮ ಹೆಸರು ತೆಗೀಲಿಲ್ಲ."

ಸುಮಾನಿ ಚಾಪೆಯ ಮೇಲೆ ನೆಟ್ಟಗೆ ಕೂತರು. "ಅಂದ್ರೆ ನಾನು ಆಗ ಹೇಳಿದ್ದು ನಿಜ."

"ನಿಜ."

"ಇವತ್ತು ಬರೆದದ್ದು ಸುಳ್ಳು. ಲೋಕಕ್ಕೆಲ್ಲ ಬರೆದೆನಲ್ಲೇ!"

"ನೀವು ಯೆಂದಿಯಲ್ಲಿದ್ರಿ. ಸಾವಿನ ಮನೆ..."

"ಯೆಂದಿಯಲ್ಲಿ ಫೋನ್ ಇಲ್ವಾ?"

ಅವಳು ಎದ್ದು ಒಳಗೆ ಹೋದಳು. ಅವರ ಮೇಜಿನ ಬಳಿಯೇ ಕೂತು ಬಳಗಕ್ಕೆ ಬರೆದಳು: ಸುಮಾನಿಯವರು ಈ ತಿದ್ದುಪಡಿಯನ್ನು ಪರೀಕ್ಷಿಸಿಲ್ಲ, ಅವರ ಹೆಸರನ್ನು ಕೇಳದೆ ಉಳಿಸಿಕೊಂಡವಳು ನಾನು, ಅವರು ಕೇಳಿದ ಕ್ಷಮೆ ನಾನು ಕೇಳಬೇಕಾದದ್ದು. ಛೀಮಾರಿ ಹಾಕುತ್ತಾರೆ ಎಂದು ಕಾದಳು. ಹಾಕಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಲುಬೋಮಿರ್ ಬರೆದದ್ದು ಇಷ್ಟೇ: "ತಿಳಿಸಿದ್ದು ಒಳ್ಳೆಯದಾಯಿತು. ಅದನ್ನು ಹಿಂದೆಗೆಯುವ ತಿದ್ದುಪಡಿ ಕಳಿಸಿ. ಯಾರಾದರೂ ಪರೀಕ್ಷಿಸಿರಲಿ."

ಸಂಜೆ ಸುಮಾನಿ ಅವಳನ್ನು ಲುನ್-ನಾನ ಮನೆಗೆ ಕರೆದೊಯ್ದರು. ಮುದುಕ ಎಲ್ಲ ಕೇಳಿಸಿಕೊಂಡ.

"ಪೆಟ್ಟಿಗೆ 'ಇಟ್ಕೊಂಡೆ' ಅಂತು. ಇಟ್ಕೊಂಡಿರಲಿಲ್ಲ. ಹಾಗೆ ಹೇಳೋಕೆ ಕಲಿಸಿದ್ದು ನೀನಾ?"

"ಹೌದು, ಅಜ್ಜ."

ಅವನು ಅವಳತ್ತ ಮತ್ತೆ ನೋಡಲಿಲ್ಲ. ಸುಮಾನಿ ಇಟ್ಟಿದ್ದ ಕೋಲಾ ಬೀಜ ಎತ್ತಿಕೊಂಡು ಮುರಿದ, ಅರ್ಧವನ್ನು ಮೇಷ್ಟ್ರ ಕೈಗೆ ಕೊಟ್ಟ. ಉಳಿದರ್ಧವನ್ನು ತಾನು ಬಾಯಿಗೆ ಹಾಕಿಕೊಂಡ. ಅವಳು ಬರಿಗೈಯಲ್ಲಿ ಎದ್ದು ಬಂದಳು.

ಮರುದಿನ ಅವಳು ತನ್ನ ಬದಲಾವಣೆ ಹಿಂದೆಗೆದ ಡ್ರೈವರನ್ನು ಕೇಂದ್ರಕ್ಕೆ ತಂದಳು. ಮೇಷ್ಟ್ರು ಅಂಗಿಯ ತೋಳು ಮಡಚಿ ಕೂತರು. ದಾಖಲಿಸುವುದು, "ಉಳಿಸಲಾಗಿದೆ" ಎಂದು ಬಂದೊಡನೆ ಪ್ಲಗ್ ಕೀಳುವುದು, ಮತ್ತೆ ಹಾಕಿ ಕೇಳುವುದು. ಹಾಡು ಮೊದಲಿನಷ್ಟು ಚುರುಕಾಗಿ ಏಳುತ್ತಿರಲಿಲ್ಲ, ಆದರೆ ಹೇಳಿದ್ದೆಲ್ಲ ಉಳಿಯುತ್ತಿತ್ತು. ಬೆವರು ಒರೆಸಿಕೊಂಡು, "ಸರಿ ಇದೆ" ಎಂದರು.

ಈ ಸಲ ಅವಳು ಕೇಳಿದಳು. "ಆಫಾ, ನಿಮ್ಮ ಹೆಸರು ಹಾಕ್ಲಾ?"

"ಬೇಡಮ್ಮ."

"ಕೋಪಾನಾ?"

"ಕೋಪ ಏನಿಲ್ಲ. ಒಳಗೆ ತುವೋ ಮುದ್ದೆ ಇದೆ, ಉಂಡೇ ಹೋಗು. ಯಾವಾಗ ಬೇಕಾದ್ರೂ ಬಾ, ನೋಡಿಕೊಡ್ತೀನಿ. ಹೆಸರು ಮಾತ್ರ ಬೇಡ."

ಅವಳು ಉಂಡಳು. ಪರೀಕ್ಷಿಸಿದವರ ಸಾಲಿಲ್ಲದೆಯೇ ತಿದ್ದುಪಡಿ ಕಳಿಸಿದಳು. ಸ್ವಲ್ಪ ಹೊತ್ತಿಗೆ ಲುಬೋಮಿರ್ ಎಲ್ಲರೆದುರು ಕೇಳಿದ: "ಇದನ್ನು ಯಾರೂ ಪರೀಕ್ಷಿಸಿಲ್ಲವೇ?"

ವುಂಪಿನಿ ಬರೆದಳು: "ಪರೀಕ್ಷಿಸಿದ್ದಾರೆ. ಕರೆಂಟ್ ತೆಗೆದು ತೆಗೆದು ನೋಡಿದ್ದಾರೆ, ಸರಿಯಾಗಿದೆ. ನಾನು ಬರೆದದ್ದರ ಕೆಳಗೆ ತಮ್ಮ ಹೆಸರು ಇರುವುದು ಅವರಿಗೆ ಬೇಡವಂತೆ." ಓದಿ ನೋಡಿದಳು, ಒಂದಕ್ಷರವನ್ನೂ ಬದಲಾಯಿಸದೆ ಕಳಿಸಿದಳು.