ಬ್ರೇಕು ತಡವಾಗಿ ಹಿಡಿದ ದಿನ

ಬೀದಿಯವರೆಲ್ಲ ಅವಳನ್ನು ಮೆಕ್ಯಾನಿಕ್ಕಮ್ಮ ಎಂದೇ ಕರೆಯುತ್ತಿದ್ದರು. ಹಳೇ ಕಾರುಗಳ ರಿಪೇರಿಯಲ್ಲಿ ಅವಳದು ಪಳಗಿದ ಕೈ. ಎಂಜಿನ್ನಿನ ಸದ್ದು ಕೇಳಿಯೇ ರೋಗ ಇಂಥದ್ದು ಎಂದು ಹೇಳಿಬಿಡುತ್ತಿದ್ದಳು. ಆ ವಿದ್ಯೆ ಬಂದದ್ದು ಸೋದರಮಾವನಿಂದ. ಅವಳಿಗೆ ಮೊದಲು ಸ್ಟಿಯರಿಂಗ್ ಹಿಡಿಸಿದವನೂ ಅವನೇ.

ಎಪ್ಪತ್ತು ದಾಟಿದ ಮಾವನ ಶೆಡ್ಡಿನಲ್ಲಿ ಎರಡು ಹಳೇ ಸ್ಪೋರ್ಟ್ಸ್ ಕಾರುಗಳಿದ್ದವು. ಒಂದು ಇಟಲಿಯ ಕೆಂಪು ಕಾರು. ಸುಮ್ಮನಿರಲು ಬಾರದ ಎಂಜಿನ್ ಆದ್ದರಿಂದ ಅದಕ್ಕೆ ಬಾಯಾಳಿ ಎಂದು ಹೆಸರು. ಇನ್ನೊಂದು ಜರ್ಮನಿಯದು, ಬೂದು ಬಣ್ಣ, ಎಂಜಿನ್ ಬೆನ್ನ ಹಿಂದೆ. ಅದು ಗುಮ್ಮ. ಈಚೆಗೆ ಅತ್ತೆ ತನ್ನ ಹೊಲಿಗೆ ಯಂತ್ರಗಳಿಗೆ ಅರ್ಧ ಶೆಡ್ಡು ಬೇಕೇ ಬೇಕೆಂದು ಪಟ್ಟು ಹಿಡಿದಿದ್ದಳು.

"ಇಬ್ಬರು ಸವತಿಯರನ್ನ ಮೂವತ್ತು ವರ್ಷ ಸಹಿಸಿದೀನಿ. ಒಬ್ಬಳಾದ್ರೂ ಮನೆ ಬಿಡ್ಲಿ."

ಅದಕ್ಕೇ ಒಂದು ರಜೆಯ ದಿನ ಬೆಳಿಗ್ಗೆ ಮಾವ ಅವಳಿಗೆ ಫೋನ್ ಮಾಡಿದ. "ಬೆಟ್ಟದ ರಸ್ತೇಲಿ ಎರಡನ್ನೂ ಓಡಿಸ್ತೀನಿ ಕಣೇ. ನೀನು ಪಕ್ಕದಲ್ಲಿ ಕೂತ್ಕೋ. ಯಾವುದು ಉಳೀಬೇಕು ಅಂತ ಆಮೇಲೆ ಇಬ್ಬರೂ ಸೇರಿ ತೀರ್ಮಾನ ಮಾಡೋಣ."

ಮೊದಲು ಬಾಯಾಳಿ ಹೊರಟಿತು. ಕಡ್ಡಿಯಂಥ ಮರದ ಸ್ಟಿಯರಿಂಗು, ಮಾವನ ಚಾಚಿದ ಕೈ, ಮಡಚಿದ ಮೊಣಕಾಲು. ನಿಧಾನಕ್ಕೆ ಓಡಿಸಿದರೆ ಗೊಣಗುವ ಕಾರು ಅದು. ಕಾಲು ಒತ್ತಿದಷ್ಟೂ ಗಂಟಲು ಬಿಚ್ಚುತ್ತದೆ. ತಿರುವಿನಲ್ಲಿ ಒಂದಿಷ್ಟು ಓಲಾಡಿದರೂ ಮೊದಲೇ ಹೇಳಿ ಓಲಾಡುತ್ತದೆ, ಮೋಸ ಮಾಡುವುದಿಲ್ಲ. ಏರು ಮುಗಿಯುವ ತನಕ ಅವಳಿಗೆ ಖುಷಿಯೋ ಖುಷಿ.

ಇಳಿದು ಬಂದ ಮೇಲೆ ರೈಲ್ವೆ ಗೇಟು ಮುಚ್ಚಿತ್ತು. ಮುಂದೆ ಒಂದು ಸೈಕಲ್ ನಿಂತಿತ್ತು, ಹಿಂದಿನ ಸೀಟಿನಲ್ಲಿ ಪುಟ್ಟ ಹುಡುಗಿ. ಕಾರು ನಿಧಾನವಾಗಲಿಲ್ಲ. ಮಾವ ತಲೆ ಬಗ್ಗಿಸಿ ತನ್ನ ಕಾಲನ್ನು ನೋಡಿಕೊಂಡ. ಆಮೇಲಷ್ಟೇ ಬ್ರೇಕು ಬಿತ್ತು. ಟೈರುಗಳು ಕಿರುಚಿ, ಸೈಕಲ್ಲಿಗೆ ಒಂದು ಗೇಣು ಉಳಿದಾಗ ಕಾರು ನಿಂತಿತು. ಹುಡುಗಿ ತಿರುಗಿ ನೋಡಿ ನಕ್ಕಳು.

"ಬ್ರೇಕು ತಡವಾಗಿ ಹಿಡೀತಲ್ಲೇ?" ಎಂದ ಮಾವ.

ಆ ಬ್ರೇಕು ಬಿಚ್ಚಿ ಜೋಡಿಸಿದವಳು ಅವಳೇ, ಹೋದ ವಾರ. ಪೈಪಿನ ಜಾಯಿಂಟ್ ಸರಿಯಾಗಿ ಬಿಗಿದಿದ್ದೆನೋ ಇಲ್ಲವೋ? ಒಳಗೆ ಗಾಳಿ ಉಳಿದಿತ್ತೋ? ಶೆಡ್ಡು ತಲುಪಿದ್ದೇ ಕಾರಿನಡಿ ಅಂಗಾತ ಮಲಗಿ ನಾಲ್ಕೂ ಚಕ್ರ ತಡಕಿದಳು. ಒಂದು ಹನಿಯೂ ಸೋರಿರಲಿಲ್ಲ. ಪೆಡಲ್ ಒತ್ತಿ ನೋಡಿದಳು. ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಬ್ರೇಕಿನಲ್ಲಿ ತಪ್ಪಿರಲಿಲ್ಲ. ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಬ್ರೇಕು ಸರಿಯಿದ್ದ ಮೇಲೆ ತಡವಾದದ್ದು ಯಾವುದು?

ಮಾವ ಆಗಲೇ ಗುಮ್ಮನೊಳಗೆ ಕೂತಿದ್ದ.

"ನಾನು ಓಡಿಸ್ಲಾ ಮಾವ? ನೀವು ಸುಸ್ತಾಗಿದೀರಿ."

"ನಿನಗೆ ಗೇರ್ ಹಾಕೋದು ಕಲಿಸಿದವನಿಗೇ ಸುಸ್ತಾ? ಹತ್ತು, ಹತ್ತು."

ಬೇಡ ಎನ್ನಬೇಕಿತ್ತು. ಹತ್ತಿದಳು.

ಗುಮ್ಮನದು ಬೇರೆಯೇ ಜಾತಿ. ಮೂಗು ಹಗುರ, ಬೆನ್ನು ಭಾರ. ರಸ್ತೆಯ ಒಂದೊಂದು ಹರಳೂ ಸ್ಟಿಯರಿಂಗಿನಲ್ಲಿ ಗುಟುಗುಟು ಎನ್ನುತ್ತದೆ. ಏರಿನಲ್ಲಿ ಬಾಯಾಳಿ ಏದುಸಿರು ಬಿಟ್ಟ ಕಡೆಯೆಲ್ಲ ಇದು ಹಿಂದಿನಿಂದ ಯಾರೋ ದೂಡಿದಂತೆ ಹತ್ತಿತು. ಆದರೆ ಇದಕ್ಕೆ ಒಂದು ನಿಯಮ ಉಂಟು, ಮಾವನೇ ಅವಳಿಗೆ ಬಾಯಿಪಾಠ ಮಾಡಿಸಿದ್ದ: ತಿರುವಿಗೆ ಮುಂಚೆ ವೇಗ ಇಳಿಸು, ತಿರುವಿನೊಳಗೆ ಆಕ್ಸಿಲರೇಟರಿನಿಂದ ಕಾಲು ಎತ್ತಬೇಡ. ಎತ್ತಿದೆಯೋ, ಹಿಂದಿನ ಭಾರವೆಲ್ಲ ಬೀಸಿದ ಸುತ್ತಿಗೆಯ ಹಾಗೆ ಮುಂದಕ್ಕೆ ಬರುತ್ತದೆ.

ಇಳಿಯುವಾಗ ಅವಳು ರಸ್ತೆ ನೋಡಲಿಲ್ಲ. ಮಾವನ ಕಣ್ಣುಗಳನ್ನೇ ನೋಡುತ್ತಿದ್ದಳು. ಗೇರ್ ಬದಲಿಸುವ ಮುಂಚೆ ಪ್ರತಿ ಸಲವೂ ಅವು ಕೆಳಗೆ ಕಾಲಿನ ಕಡೆ ಹೋಗಿ ಬರುತ್ತಿದ್ದವು, ಕತ್ತಲಲ್ಲಿ ಮೆಟ್ಟಿಲು ಹುಡುಕುವವರಂತೆ. ಐವತ್ತು ವರ್ಷ ಕಾರು ಓಡಿಸಿದವನು!

"ಮಾವ, ಒಂದು ನಿಮಿಷ ನಿಲ್ಲಿಸಿ."

"ಇಳಿಜಾರು ಮುಗೀಲಿ."

ಮೂರನೇ ತಿರುವು. ಬಲಗಡೆ ಮೊಣಕಾಲೆತ್ತರದ ಗೋಡೆ, ಅದರಾಚೆ ಬರಿ ಗಾಳಿ. ತಿರುವಿನ ನಡುಮಧ್ಯದಲ್ಲಿ ಎಂಜಿನ್ನಿನ ಸದ್ದು ತಟ್ಟನೆ ಬಿತ್ತು. ಸೀಟು ಪಕ್ಕಕ್ಕೆ ಜಾರುತ್ತಿತ್ತು.

"ಕಾಲು ಎತ್ತಬೇಡಿ ಮಾವ!"

"ಇಟ್ಟೇ ಇದೀನಲ್ಲೇ!"

ಕಾಲು ಅಲ್ಲಿರಲಿಲ್ಲ. ಅವಳು ಎರಡೂ ಕೈ ಚಾಚಿ ಸ್ಟಿಯರಿಂಗನ್ನು ಎಳೆದಳು. ಬೆಟ್ಟ, ಆಕಾಶ, ಗೋಡೆ, ಮತ್ತೆ ಬೆಟ್ಟ. ಕಾರು ಒಂದು ಸುತ್ತು ಸುತ್ತಿ, ಮೂತಿ ಗೋಡೆಗೆ ಮಾಡಿ, ಒಂದು ಮಾರು ದೂರದಲ್ಲಿ ನಿಂತಿತು.

ನಿಂತ ಕೂಡಲೇ ಎಂಜಿನ್ ಅರಚಿಕೊಳ್ಳಲು ಶುರುಮಾಡಿತು.

"ಬ್ರೇಕ್ ಒತ್ತಿದೀನಿ! ಬಲವಾಗಿ ಒತ್ತಿದೀನಿ!" ಮಾವನ ಮುಖ ಸುಣ್ಣದಂತಾಗಿತ್ತು.

ಅವಳು ಕೆಳಗೆ ನೋಡಿದಳು. ಅವನ ಬಲಗಾಲು ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿ ಹಿಡಿದಿತ್ತು. ಎಡಗಾಲು ಹಳೇ ಅಭ್ಯಾಸದಿಂದ ಕ್ಲಚ್ಚಿನ ಮೇಲಿತ್ತು, ಹೇಗೋ ಇತ್ತು. ಅದೊಂದು ಕಾಲು ಜಾರಿದರೆ ಗೋಡೆ ತಡೆಯುವುದಿಲ್ಲ, ಇಬ್ಬರೂ ಗಾಳಿಯ ಪಾಲು. ಕೂಗಿದರೆ ಅವನು ಬೆಚ್ಚಿ ಎಡಗಾಲನ್ನೂ ಎತ್ತಿಬಿಟ್ಟಾನು. ಮೆಲ್ಲಗೆ ಗೇರನ್ನು ನ್ಯೂಟ್ರಲ್ಲಿಗೆ ಎಳೆದಳು. ಹ್ಯಾಂಡ್‌ಬ್ರೇಕ್ ಎತ್ತಿದಳು. ಆಮೇಲೆ ಬಗ್ಗಿ, ಅವನ ಬಲಗಾಲಿನ ಹರಡು ಹಿಡಿದು, ಮಗುವಿನ ಕಾಲು ಎತ್ತುವ ಹಾಗೆ ಎತ್ತಿ ಪಕ್ಕಕ್ಕಿಟ್ಟಳು.

ಎಂಜಿನ್ನಿನ ಅಬ್ಬರ ಇಳಿಯಿತು. ಕೀಲಿ ತಿರುಗಿಸಿ ಆರಿಸಿದಳು.

ಬಾಗಿಲು ತೆಗೆದು, ಸುತ್ತಿ ಬಂದು, ಮಾವನನ್ನು ಇಳಿಸಿ ರಸ್ತೆಯಂಚಿನ ಕಲ್ಲಿನ ಮೇಲೆ ಕೂರಿಸಿದಳು. ಷೂ ಕಳಚಿದಾಗ ಅದರೊಳಗಿಂದ ಏನೋ ಟಣ್ ಎಂದು ಬಿತ್ತು. ಒಂದು ನಟ್ಟು, ಹೆಬ್ಬೆರಳಿನ ಉಗುರಿನಷ್ಟು ದೊಡ್ಡದು. ಕಾಲುಚೀಲದ ಅಡಿಯೆಲ್ಲ ಕೆಂಪಾಗಿ ಒದ್ದೆಯಾಗಿತ್ತು.

ಮಾವ ಅದನ್ನು ಬೇರೆ ಯಾರದೋ ಕಾಲು ಎಂಬಂತೆ ನೋಡಿದ.

"ನೋವಾಗ್ಲಿಲ್ವಾ ಮಾವ?"

"ಇಲ್ಲ."

"ಎಷ್ಟು ದಿನದಿಂದ ಹೀಗೆ?"

"ಆರು ತಿಂಗಳಾಯ್ತು. ಮೊದಮೊದಲು ಹತ್ತಿಯ ಮೇಲೆ ನಡೆದ ಹಾಗೆ. ಆಮೇಲೆ ಅದೂ ಇಲ್ಲ. ನಿನ್ನ ಅತ್ತೆಗೆ ಹೇಳಿದ್ರೆ ಕೀಲಿ ಕಿತ್ಕೋತಾಳೆ ಅಂತ..." ಮಾವ ನಟ್ಟನ್ನು ಎತ್ತಿ ಅಂಗೈಯಲ್ಲಿ ಹೊರಳಿಸಿದ. "ಆ ಸೈಕಲ್ಲಿನ ಮಗು ಕಣೇ. ನಿನಗೆ ಸುಳ್ಳು ಹೇಳಿದೆ. ಬ್ರೇಕು ಚೆನ್ನಾಗೇ ಇತ್ತು."

ಅವಳಿಗೆ ಬೈಯಬೇಕೆನಿಸಿತು, ಅಳಬೇಕೆನಿಸಿತು. ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಗಾಯಕ್ಕೆ ಸುತ್ತಿದಳು. ಗುಮ್ಮನನ್ನು ಎರಡನೇ ಗೇರಿನಲ್ಲೇ ಕೆಳಕ್ಕಿಳಿಸಿದಳು. ಪ್ರತಿ ತಿರುವಿನಲ್ಲೂ ತನ್ನ ಕಾಲು ತನ್ನದೇ ಹೌದೋ ಅಲ್ಲವೋ ಎಂದು ಬೆರಳು ಆಡಿಸಿ ನೋಡಿಕೊಂಡಳು. ಮನೆಯ ಕಡೆ ಹೋಗದೆ ನೇರ ಆಸ್ಪತ್ರೆಗೆ ತಿರುಗಿಸಿದಳು.

ಸಕ್ಕರೆ ಕಾಯಿಲೆ ನರ ತಿಂದಿದೆ ಎಂದರು ಡಾಕ್ಟರು. ಒಂದು ಬೆರಳು ಹೋಯಿತು, ಪಾದ ಉಳಿಯಿತು. ವಿಷಯ ತಿಳಿದ ಅತ್ತೆ ಮಂಚದ ಪಕ್ಕ ಕೂತು ಅತ್ತಳು, ಅತ್ತು ಮುಗಿಸಿ ಬೈದಳು, ಆಮೇಲೆ ಎರಡೂ ಕೀಲಿಗಳನ್ನು ತನ್ನ ಕೈಚೀಲಕ್ಕೆ ಹಾಕಿಕೊಂಡಳು.

ಮೂರನೇ ದಿನ ಮಾವನೇ ಮಾತು ತೆಗೆದ. "ಗುಮ್ಮ ಹೋಗ್ಲಿ."

"ಅದೇ ಮೇಲು ಅನ್ನಿಸ್ತಲ್ಲ ಮಾವ ಓಡಿಸೋಕೆ?"

"ಮೇಲೇ. ಆದರೆ ಅದು ಮಾತಾಡೋದು ಕಾಲಿಗೆ, ಸೊಂಟಕ್ಕೆ. ನನ್ನ ಕಾಲು ಕಿವುಡಾಯ್ತು. ಬಾಯಾಳಿಯನ್ನ ಪಕ್ಕದಲ್ಲಿ ಕೂತೂ ಕೇಳಬಹುದು. ನೀನು ಓಡಿಸ್ತೀಯಲ್ಲ?"

ಅವಳು ಹೂಂ ಎಂದಳು. ಆದರೆ ಆ ಮೂರನೇ ತಿರುವನ್ನು ನೆನೆದು ಒಂದು ತಿಂಗಳು ಏನೇನೋ ನೆಪ ಹೇಳಿ ಮುಂದೂಡಿದಳು. ಕೊನೆಗೆ ಅತ್ತೆಯೇ ಕೀಲಿ ತಂದು ಕೈಗಿಟ್ಟಳು. "ಕರ್ಕೊಂಡು ಹೋಗಮ್ಮಾ. ಮನೇಲಿ ಕೂತು ನನ್ನ ತಲೆ ತಿಂತಾರೆ."

ಬೆಟ್ಟದ ಬುಡದಲ್ಲಿ ಅವಳು ಬಾಯಾಳಿಯನ್ನು ನಿಲ್ಲಿಸಿಬಿಟ್ಟಳು. "ಮಾವ, ನನಗೆ ಹೆದರಿಕೆ ಆಗ್ತಿದೆ."

"ನನಗೂ," ಎಂದ ಮಾವ. ಸೀಟು ಬೆಲ್ಟನ್ನು ಇನ್ನೊಂದು ಸಲ ಎಳೆದು ಬಿಗಿದುಕೊಂಡ. "ನಿಧಾನಕ್ಕೆ ಹೋಗು."

ಅವಳು ಮೊದಲನೇ ಗೇರ್ ಹಾಕಿದಳು.