ಗುಟ್ಟು ಬಿಡದ ಡಬ್ಬಿ

ತಮಿಳು ಸೀಮೆಯ ಪಲ್ಲಡಂ ರಸ್ತೆಯ ಆಸ್ಪತ್ರೆಯಲ್ಲಿ ರೆಕಾರ್ಡ್ ರೂಮು ನೋಡಿಕೊಳ್ಳುತ್ತಿದ್ದ ದಂಡಪಾಣಿಗೆ ಸಂಬಳ ಕೊಡುತ್ತಿದ್ದದ್ದು ಆಸ್ಪತ್ರೆ, ಮರ್ಯಾದೆ ಕೊಡುತ್ತಿದ್ದದ್ದು ಮದುವೆಮನೆ. ಅವಿನಾಶಿ ಊರಿನವರೆಗೆ ಹರಡಿದ್ದ ಅವನ ಕನ್ನಡ ಮಾತಾಡುವ ನೆಂಟರಲ್ಲಿ ಸಂಬಂಧ ಗೊತ್ತುಮಾಡುವ ಮುಂಚೆ ಜಾತಕ ಜೋಯಿಸರ ಹತ್ತಿರ ಹೋಗುತ್ತಿತ್ತು, ಹೆಸರು ದಂಡಪಾಣಿಯ ಹತ್ತಿರ ಬರುತ್ತಿತ್ತು. ಅವನು ಕಂಪ್ಯೂಟರಿನಲ್ಲಿ ಆ ಹೆಸರಿನ ರೆಕಾರ್ಡು ತೆರೆದು ನೋಡಿ, ಎಲೆಗೆ ಸುಣ್ಣ ಸವರುತ್ತಾ "ಹುಡುಗನ್ಗೆ ಸಕ್ಕರೆ ಐತೆ" ಅಂದರೆ ಮುಗಿಯಿತು. ಗ್ರಹಗಳು ಕೂಡಿದ್ದರೂ ಮದುವೆ ಕೂಡುತ್ತಿರಲಿಲ್ಲ. ಇನ್ನೊಬ್ಬರ ಸಕ್ಕರೆಯಿಂದ ಅವನ ಬಾಳು ಸಿಹಿಯಾಗಿತ್ತು. ಮದುವೆಯೂಟದ ಪಂಕ್ತಿಯಲ್ಲಿ ಮೊದಲ ಎಲೆ ಯಾವತ್ತೂ ಅವನದೇ.

೨೦೦೯ರಲ್ಲಿ ದಾವಣಗೆರೆಯಿಂದ ಆದರ್ಶ್ ಎಂಬ ಇಂಜಿನಿಯರ್ ಬಂದ. ಹಳೆಯ ಕಂಪ್ಯೂಟರುಗಳನ್ನೆಲ್ಲ ಎತ್ತಿಸಿ, ಪ್ರತಿ ಮೇಜಿನ ಮೇಲೂ ಟಿಫಿನ್ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ ಇಟ್ಟ.

"ಇದರ ಹೊಟ್ಟೇಲಿ ಏನೂ ಇಲ್ಲ ಅಣ್ಣ. ಎಲ್ಲ ಮೇಲಿನ ಮಹಡಿಯ ಸರ್ವರ್‌ನಲ್ಲಿರುತ್ತೆ, ಇಲ್ಲಿ ಕಾಣೋದು ಅದರ ಮುಖ ಅಷ್ಟೇ. ಡಬ್ಬಿ ಕದ್ದರೆ ಕಳ್ಳನಿಗೆ ಸಿಗೋದು ತಗಡು. ಪೆನ್‌ಡ್ರೈವ್ ಹಾಕಿದ್ರೂ ಒಂದಕ್ಷರ ಹೊರಗೆ ಬರಲ್ಲ."

"ನನ್ಗೆ ಏನ್ ಕಾಣ್ತದೆ ತಂಬಿ?"

"ಫೈಲ್ ನಂಬರ್ ಕಾಣುತ್ತೆ. ಕಾಯಿಲೆ ಕಾಣಲ್ಲ. ಅದು ನೋಡ್ಕೊಳ್ಳೋ ಡಾಕ್ಟರಿಗೆ ಮಾತ್ರ."

ಡಬ್ಬಿಯ ಹೊಟ್ಟೆ ಖಾಲಿ ಇತ್ತು. ದಂಡಪಾಣಿಯ ಹೊಟ್ಟೆಯಲ್ಲಿ ಕಿಚ್ಚು ತುಂಬಿತು.

ವಾರ್ಡಿನ ಡಬ್ಬಿಯಲ್ಲಿ ಅರ್ಧ ಬರೆದ ಚೀಟಿಯನ್ನು ಡಾಕ್ಟರು ಐಸಿಯುವಿನ ಡಬ್ಬಿಯಲ್ಲಿ ಮುಂದುವರಿಸಿ ಆದರ್ಶ್‌ನ ಬೆನ್ನು ತಟ್ಟಿದರು. ದಂಡಪಾಣಿಯ ಬೆನ್ನು ಉರಿಯಿತು. ಒಂದು ಡಬ್ಬಿ ಕೆಟ್ಟಾಗ ಅವನು ಒಳಗೊಳಗೇ ದೀಪ ಹಚ್ಚಿಕೊಂಡ. ಆದರ್ಶ್ ಬೇರೆ ಡಬ್ಬಿ ತಂದು ಸಿಕ್ಕಿಸಿದ. ಕಾಫಿ ಆರುವ ಮುಂಚೆ ಎಲ್ಲ ಇದ್ದ ಹಾಗೇ ಇತ್ತು. ಆದರ್ಶ್‌ನನ್ನು ಮನೆಗೆ ಊಟಕ್ಕೆ ಕರೆದರೆ ಹೆಂಡತಿ ಜಾನಮ್ಮ ಕೂಡ ಆ ಕಡೆಗೇ ವಾಲಿದಳು.

"ಆ ತಂಬಿ ಎಷ್ಟ್ ಚೆಂದ ಕನ್ನಡ ಮಾತಾಡ್ತದೆ. ನೀವೂ ಆಡ್ತೀರ, ಅರ್ಧ ತಮಿಳು, ಅರ್ಧ ಕೆಮ್ಮು."

ಅಷ್ಟರಲ್ಲಿ ಅವಿನಾಶಿಯ ಚಿನ್ನಸಾಮಿ ತನ್ನ ಮಗ ಅರವಿಂದ್‌ಗೆ ದಂಡಪಾಣಿಯ ಮಗಳು ಧರಣಿಯನ್ನು ಕೇಳಿದ. ಊರ ಮಕ್ಕಳ ಸಂಬಂಧಗಳನ್ನೆಲ್ಲ ಸೋಸಿದವನು ಸ್ವಂತ ಮಗಳನ್ನು ಕುರುಡಾಗಿ ಕೊಡುವುದೇ? ಕಿಚ್ಚು ನುಂಗಿಕೊಂಡು ಆದರ್ಶ್‌ನ ಮುಂದೆ ನಿಂತ.

"ಒಂದೇ ಹೆಸ್ರು ತಂಬಿ. ಕಣ್ಣಲ್ಲಿ ನೋಡಿ ಮುಚ್ಚಿಬುಡ್ತೀನಿ."

"ಆಗಲ್ಲ ಅಣ್ಣ. ಯಾರು ತೆಗೆದರು, ಎಷ್ಟು ಹೊತ್ತಿಗೆ, ಎಲ್ಲ ಬರ್ಕೊಳ್ಳುತ್ತೆ. ನಾನು ತೆಗೆದರೆ ನನ್ನ ಕೆಲಸವೂ ಹೋಗುತ್ತೆ."

'ಹೋಗಲಿ ಅಂತಲೂ ನಾನು ಕೇಳುತ್ತಿರುವುದು' ಎಂಬ ಮಾತು ನಾಲಿಗೆಯ ತುದಿಗೆ ಬಂದು ವಾಪಸು ಹೋಯಿತು.

ಮಾರನೇ ದಿನ ನೆಂಟರ ಪೈಕಿಯ ನರ್ಸ್ ಸಾಂತಿ ಅವನ ರೂಮಿಗೆ ಬಂದಳು.

"ಚಿನ್ನಸಾಮಿ ಮಾಮ ಬಂದಿದ್ರು ಅಣ್ಣ. ನಿಮ್ಮ ಧರಣಿ ಚೀಟಿ ನೋಡಿ ಹೇಳು ಅಂದ್ರು."

ದಂಡಪಾಣಿ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದ. ಹತ್ತನೇ ಕ್ಲಾಸಿನಲ್ಲಿ ಧರಣಿಗೆ ಎರಡು ಸಲ ಫಿಟ್ಸ್ ಬಂದು ಇದೇ ಆಸ್ಪತ್ರೆಯಲ್ಲಿ ಮಲಗಿಸಿದ್ದರು. ಆಮೇಲೆ ಬಂದಿರಲಿಲ್ಲ. ಆದರೆ ಎರಡಕ್ಷರ ಸಾಕು ಮದುವೆ ಮುರಿಯಲು ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ನೀನ್ ಏನ್ ಹೇಳ್ದೆ?"

"ತಟ್ಟಿ ನೋಡ್ದೆ. ಪೆಟ್ಟಿ ಬಾಯೇ ಬಿಡ್ಲಿಲ್ಲ. ಹೋದ ವರ್ಸ ಆಗಿದ್ರೆ ನಿಮ್ಮನ್ನೇ ಕೇಳಿ ಹೇಳ್ಬೋದಿತ್ತು."

ಅವಳು ಹೋದ ಮೇಲೆ ದಂಡಪಾಣಿ ಹೆಗಲ ಟವಲಿನಿಂದ ಡಬ್ಬಿಯನ್ನು ಒರೆಸಿದ. ಸರಿಯಾಗಿ ಅದೇ ಹೊತ್ತಿಗೆ ಆದರ್ಶ್ ಒಳಗೆ ಬಂದ.

"ಏನಣ್ಣ, ಡಬ್ಬಿ ಮೇಲೆ ಇಷ್ಟು ಪ್ರೀತಿ?"

"ಧೂಳು ತಂಬಿ," ಅಂದ ದಂಡಪಾಣಿ, ಮುಖ ತಿರುಗಿಸಿ.

ಯಾರ ಚೀಟಿಯನ್ನೂ ಯಾರೂ ನೋಡದೆಯೇ ತಮಿಳರ ಆವಣಿ ತಿಂಗಳಲ್ಲಿ ಧರಣಿಯ ಮದುವೆಯಾಯಿತು. ಪಂಕ್ತಿಯ ಮೊದಲ ಎಲೆಗೆ ಆದರ್ಶ್‌ನನ್ನು ಕೈಹಿಡಿದು ಕೂರಿಸಿದವನು ದಂಡಪಾಣಿಯೇ. ಬಡಿಸಿದವನೂ ಅವನೇ. ಎಲ್ಲರ ಎಲೆಗೂ ಎರಡೆರಡು ಸೌಟು ಪಾಯಸ ಬಿತ್ತು. ಮೊದಲ ಎಲೆಗೆ ಮಾತ್ರ ಒಂದೇ. ಹೊಟ್ಟೆಯ ಕಿಚ್ಚು ಇನ್ನೂ ಒಂದು ಸೌಟಿನಷ್ಟು ಉಳಿದಿತ್ತು.