ಆರನೆಯ ಬೇಸಿನ್ನಿನ ನೀರು

ಯಾವ ಕಾಲವೋ ಏನೋ, ಒಂದೂರಿನಲ್ಲಿ ಕಬ್ಬಿಣದ ಹೊಟ್ಟೆಯ ರಾಕ್ಷಸಿಯೊಬ್ಬಳಿದ್ದಳು. ಬೆಂಕಿ ತಿನ್ನುವಳು, ನೀರು ಕುಡಿಯುವಳು, ಹಬೆ ಬಿಡುವಳು. ಅವಳಿಗೆ ಆರು ಜನ ಹೆಣ್ಣುಮಕ್ಕಳು. ಸಾಲಾಗಿ ಕೂರಿಸಿ ಬಿಸಿಬಿಸಿಯಾಗಿ ಬಡಿಸಿಕೊಂಡು ಬರುವಳು. ಆರನೆಯವಳ ಎಲೆ ಮುಟ್ಟುವಷ್ಟರಲ್ಲಿ ಅನ್ನ ತಣ್ಣಗಾಗಿರುತ್ತಿತ್ತು.

ಈ ಕಥೆ ಅಜ್ಜಿ ಹೇಳಿದ್ದಲ್ಲ. ಶಿಡ್ಲಘಟ್ಟದ ನಮ್ಮ ಮನೆಯ ಹಿತ್ತಲಿಗೆ ಬಾಯ್ಲರು ಬಂದ ಮೇಲೆ ನಾನೇ ಕಟ್ಟಿಕೊಂಡದ್ದು. ೧೯೬೨ರ ಚಳಿಗಾಲ. ಬಾಯ್ಲರಿನಿಂದ ಹೊರಟ ಒಂದೇ ಪೈಪು ಹಜಾರದಲ್ಲಿ ಆರು ಬೇಸಿನ್ನುಗಳ ಅಡಿಯಲ್ಲಿ ಸುತ್ತಿ ಹೋಗುತ್ತಿತ್ತು. ಬೇಸಿನ್ನಿನ ನೀರು ಕುದಿದರೆ ರೇಷ್ಮೆಗೂಡು ಮೆತ್ತಗಾಗಿ ಎಳೆ ಬಿಚ್ಚಿಕೊಳ್ಳುತ್ತದೆ. ಕುದಿಯದಿದ್ದರೆ ಎಳೆ ಗಂಟುಗಂಟಾಗಿ ಬಂದು ಪಟ್ಟನೆ ಹರಿಯುತ್ತದೆ.

ಆರನೆಯ ಬೇಸಿನ್ನಿನ ಮುಂದೆ ಕೂತು ನೂಲು ತೆಗೆಯುತ್ತಿದ್ದವಳು ದಿಲ್ಷಾದ್ ಬೇಗಂ. ಗಂಡ ತೀರಿಹೋಗಿದ್ದ, ಮನೆಯಲ್ಲಿ ಕಣ್ಣು ಕಾಣದ ಅತ್ತೆ. ಒಂದು ತಿಂಗಳಿಂದ ಅವಳ ರಾಟೆಯಲ್ಲಿ ಎಳೆ ತುಂಡಾಗುತ್ತಲೇ ಇತ್ತು. ಸೋಮವಾರ ಅಪ್ಪ ಅವಳ ನೂಲನ್ನು ಕೈಗೆತ್ತಿಕೊಂಡು ಎಲ್ಲರೆದುರಿಗೇ ಅಂದರು:

“ನೋಡಮ್ಮ, ನಿನ್ನ ಕೈ ಕೆಟ್ಟೋಗಿದೆ. ಶುಕ್ರವಾರದ ತನಕ ನೋಡ್ತೀನಿ. ಶನಿವಾರದಿಂದ ಆ ಜಾಗಕ್ಕೆ ಬೇರೆಯವರನ್ನ ಕರೀತೀನಿ.”

ನಾನು ಅವಳ ಬೇಸಿನ್ನಿಗೆ ಬೆರಳದ್ದಿದೆ. ಕೂಸಿಗೆ ಎರೆಯುವ ನೀರಿನಷ್ಟು ಬೆಚ್ಚಗಿತ್ತು, ಅಷ್ಟೆ.

“ದಿಲ್ಷಾದಕ್ಕ, ಶುಕ್ರವಾರದೊಳಗೆ ಈ ನೀರು ಕುದಿಯೋ ಹಂಗೆ ಮಾಡ್ತೀನಿ. ನನ್ನ ಮಾತು.”

ಮೊದಲನೆಯ ಬೇಸಿನ್ನಿನ ಕೊಂಡಮ್ಮ ಕಿಸಕ್ಕನೆ ನಕ್ಕಳು. “ಅಯ್ಯೋ ಅನಸೂಯಮ್ಮ, ಒಲೆ ಮೇಲೆ ಹಾಲಿಟ್ಟು ನಕ್ಷತ್ರ ಎಣಿಸೋರು ನೀವು. ನೀವು ಕುದಿಸ್ತೀರಾ?”

ಮಂಗಳವಾರ ಸೌದೆ ಒಟ್ಟುವ ಬಯ್ಯಪ್ಪನಿಗೆ ಹೇಳಿ ಬೆಂಕಿ ಹೆಚ್ಚಿಸಿದೆ. ಬಾಯ್ಲರು ಗುಡುಗಿತು, ಪೈಪಿನೊಳಗೆ ಯಾರೋ ಸುತ್ತಿಗೆ ಹೊಡೆದಂತೆ ಢಣಢಣ ಸದ್ದಾಯಿತು. ಕೊಂಡಮ್ಮನ ಗೂಡುಗಳು ಬೆಂದು ಮುದ್ದೆಯಾದವು. ಆರನೆಯದು ಹಾಗೇ ಇತ್ತು. ಕೊಂಡಮ್ಮನ ಬೈಗುಳವನ್ನು ನಾನೂ ಬಯ್ಯಪ್ಪನೂ ಹಂಚಿಕೊಂಡೆವು.

ಬುಧವಾರ ಪೈಪಿನ ಉದ್ದಕ್ಕೂ ಗೋಣಿತಾಟು ಸುತ್ತಿ, ಹುಲ್ಲು ಬೆರೆಸಿದ ಕೆಮ್ಮಣ್ಣು ಮೆತ್ತಿದೆ. ಉಗುರು ಸೀಳಿತು, ಸೀರೆ ಹಾಳಾಯಿತು. ಬೆಚ್ಚಗಿದ್ದ ನೀರು ಬೆಚ್ಚಗೇ ಉಳಿಯಿತು. ಅಂದು ಕೊಂಡಮ್ಮ ಊಟಕ್ಕೆ ಎದ್ದಾಗ ದಿಲ್ಷಾದಕ್ಕನನ್ನು ಅವಳ ಜಾಗದಲ್ಲಿ ಕೂರಿಸಿದೆ. ಎಳೆ ಜೇನು ಸುರಿದಂತೆ ಬಂತು! “ಅಪ್ಪಾ, ಅಪ್ಪಾ!” ಎಂದು ಓಡಿದೆ. ಅಪ್ಪ ಗೂಡು ನೋಡಲು ಜಂಗಮಕೋಟೆಗೆ ಹೋಗಿದ್ದರು. ಸಂಜೆ ಬಂದವರಿಗೆ ಹೇಳಿದರೆ, “ನೀನು ಕಂಡಿದ್ದು ನಿಜವೋ ಕನಸೋ ಯಾರಿಗೆ ಗೊತ್ತು” ಎಂದು ಕಾಲು ತೊಳೆಯಲು ಹೋದರು. ನನಗೆ ಚೊಂಬನ್ನು ನೆಲಕ್ಕೆ ಕುಕ್ಕಬೇಕು ಅನ್ನಿಸಿತು.

ಗುರುವಾರ, ನಾನು ಹೇಳಿಕಳಿಸಿದ್ದಕ್ಕೆ, ಈ ಪೈಪು ಜೋಡಿಸಿದ್ದ ಮೆಹಬೂಬ್ ಪಾಷಾ ಚಿಂತಾಮಣಿಯಿಂದ ಬಂದರು. ನಾನು ಮೆತ್ತಿದ ಮಣ್ಣನ್ನೆಲ್ಲ ಕೆಡವಿ, ಪೈಪಿನ ಮೇಲೆ ನೂಲು ಹಿಡಿದು ನೋಡಿದರು.

“ಪೈಪು ಇಲ್ಲಿ ಜಗ್ಗಿ ಹೊಟ್ಟೆ ಬಿಟ್ಟಿದೆ ನೋಡಮ್ಮ. ತಣ್ಣಗಾದ ಹಬೆ ನೀರಾಗಿ ವಾಪಸ್ ಬಾಯ್ಲರಿಗೆ ಹರೀಬೇಕು. ಇಲ್ಲೇ ನಿಂತ್ಕೊಂಡು ದಾರಿಗೆ ಅಡ್ಡ ಬಿದ್ದಿದೆ. ಆ ಢಣಢಣ ಇದರದ್ದೇ.”

ಕೆಳಗೆ ಇಟ್ಟಿಗೆ ಕೊಟ್ಟು ಪೈಪನ್ನು ಎತ್ತಿದರು. ಸದ್ದು ನಿಂತಿತು. ಐದನೆಯ ಬೇಸಿನ್ನು ಇನ್ನೂ ಜೋರಾಗಿ ಕುದಿಯಿತು. ಆರನೆಯದು ಮಾತ್ರ ಬಿಸಿಯಾಗಲಿಲ್ಲ. ಪೈಪಿನ ಕೊನೆಯ ಒಂದು ಗೇಣು ಗೋಡೆ ದಾಟಿ, ನಾವು ರೇಷ್ಮೆಹುಳು ಸಾಕುವ ಹುಳುಮನೆಯೊಳಗೆ ಚಾಚಿತ್ತು. ಚಳಿಯಲ್ಲಿ ಹುಳುಗಳಿಗೂ ಒಂದಿಷ್ಟು ಕಾವು ಸಿಗಲೆಂದು ಅಪ್ಪ ಹಾಗೆ ಮಾಡಿಸಿದ್ದರು. ಪಾಷಾ ಸಾಬರು ಆ ಬಾಗಿಲಿನತ್ತ ಹೆಜ್ಜೆಯಿಟ್ಟರೆ ಅಜ್ಜಿ ರಾಮಲಕ್ಷ್ಮಮ್ಮ ಅಡ್ಡ ನಿಂತಳು.

“ಆಗಲ್ಲಪ್ಪ. ಹುಳ ಮೂರನೇ ಜ್ವರಕ್ಕೆ ಕೂತವೆ. ಹೊರಗಿನ ನೆರಳು ಬೀಳಬಾರದು.”

ಹುಳುಗಳು ಮೇವು ಬಿಟ್ಟು, ತಲೆಯೆತ್ತಿ, ಅಲುಗದೆ ಪೊರೆ ಕಳಚುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತೇವೆ. ಆಗ ಹೊಸಬರು ಒಳಗೆ ಹೋಗುವಂತಿಲ್ಲ, ಜೋರಾಗಿ ಮಾತಾಡುವಂತಿಲ್ಲ. ಪಾಷಾ ಸಾಬರಿಗೂ ಅದು ಗೊತ್ತು. ಹಿಂದಕ್ಕೆ ಸರಿದು ನನ್ನನ್ನು ಕೇಳಿದರು: “ತುದೀಲಿ ಗಾಳಿ ಬಿಡೋ ಸಣ್ಣ ನಲ್ಲಿ ಇಟ್ಟಿದ್ದೆ. ಬುಸ್ ಅನ್ನುತ್ತಲ್ಲ?”

“ಅನ್ನುತ್ತೆ” ಎಂದೆ.

ಅವರು ಬಸ್ಸಿಗೆ ಹೊರಟುಹೋದರು.

ಶುಕ್ರವಾರ ಬೆಳಿಗ್ಗೆ ಆರನೆಯ ಬೇಸಿನ್ನು ಅದೇ ಬೆಚ್ಚಗೆ. ದಿಲ್ಷಾದಕ್ಕ ಹರಿದ ಎಳೆಗಳನ್ನು ಕಟ್ಟುತ್ತಲೇ ಇದ್ದಳು. ಮಧ್ಯಾಹ್ನದ ಹೊತ್ತಿಗೆ ಬುತ್ತಿಯ ಬಟ್ಟೆಯನ್ನು ಮಡಿಸಿಟ್ಟು, “ಬಿಡಿ ಅಮ್ಮ, ನಿಮ್ಮ ಕೈಯೆಲ್ಲಾ ಗಾಯ ಆಗಿದೆ” ಅಂದಳು. ಬೈದಿದ್ದರೆ ವಾಸಿಯಿತ್ತು. ನಾನು ಪೈಪಿನ ಪಕ್ಕದಲ್ಲೇ ನೆಲದ ಮೇಲೆ ಕುಕ್ಕರಿಸಿ ಅದನ್ನು ಬಾಯಿಗೆ ಬಂದಂತೆ ಶಪಿಸಿದೆ. ಬೈದು ಬೈದು ಸಾಕಾಗಿ ಸುಮ್ಮನಾದಾಗ ಹೊಳೆಯಿತು. ಎಲ್ಲಿದೆ ಆ ಬುಸ್?

ಗೋಡೆಗೆ ಕಿವಿಯಿಟ್ಟೆ. ಇಲ್ಲ. ಪಾಷಾ ಸಾಬರಿಗೆ ‘ಅನ್ನುತ್ತೆ’ ಎಂದದ್ದು ಯಾವತ್ತೋ ಕೇಳಿದ ನೆನಪಿನಿಂದ. ಕೇಳಿಸಿಕೊಳ್ಳದೆ ಉತ್ತರ ಕೊಟ್ಟಿದ್ದೆ! ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳುವಷ್ಟು ಸಿಟ್ಟು ಬಂತು.

ಕಾಲು ತೊಳೆದು ಹುಳುಮನೆಯೊಳಗೆ ಹೋದೆ. ಅಜ್ಜಿ ಕಾವಿಗಿಟ್ಟ ಕೆಂಡದ ಬಾಣಲೆಗೆ ಬೂದಿ ಮುಚ್ಚುತ್ತಿದ್ದಳು. ಹುಳುಗಳ ತಟ್ಟೆಗಳ ಹಿಂದೆ ಪೈಪಿನ ತುದಿ ಕಾಣಲೇ ಇಲ್ಲ. ಗೋಡೆಯ ಸುಣ್ಣದಲ್ಲೇ ಸೇರಿಹೋದ ಒಂದು ಉಬ್ಬು.

“ಅಜ್ಜಿ, ಇಲ್ಲೊಂದು ನಲ್ಲಿ ಇತ್ತಲ್ಲ?”

“ಮೆಲ್ಲಗೆ ಮಾತಾಡೇ. ಇತ್ತು. ಹೋದ ಬೆಳೇಲಿ ಹುಳ ನಾಲ್ಕನೇ ಜ್ವರಕ್ಕೆ ಕೂತಿದ್ರೆ, ಇದು ಹಗಲೆಲ್ಲಾ ಬುಸ್ ಬುಸ್. ನಾಗರ ಹೊಕ್ಕಂಗೆ. ಬೇವಿನ ಗೂಟಕ್ಕೆ ಬಟ್ಟೆ ಸುತ್ತಿ ಬಿಗಿದೆ. ಮೇಲೆ ಸುಣ್ಣ ಬಳಿದೆ.”

“ಒಂದು ತಿಂಗಳಾಯ್ತಾ?”

“ಆಯ್ತು.”

“ಅಯ್ಯೋ ಅಜ್ಜಿ! ಪೈಪಿನೊಳಗೆ ಗಾಳಿ ಕೂತಿದೆ. ಅದು ಹೊರಗೆ ಹೋದ್ರೆ ತಾನೆ ಹಬೆ ಒಳಗೆ ಬರೋದು? ದಿಲ್ಷಾದಕ್ಕನ ಕೈಯಲ್ಲ ಕೆಟ್ಟಿದ್ದು. ಗೂಟ ತೆಗೀತೀನಿ.”

“ಮುಟ್ಟಿದ್ರೆ ನೋಡು! ನನ್ನ ಹುಳ ಸತ್ತರೆ?”

“ನಾಳೆಯಿಂದ ಅವಳು ಬರಂಗಿಲ್ಲ ಅಜ್ಜಿ.”

ಅಜ್ಜಿಯ ಕೈ ಬೂದಿಯಲ್ಲೇ ನಿಂತಿತು. ಹುಳುಗಳ ಕಡೆ ನೋಡಿದಳು, ಬಾಗಿಲಿನ ಕಡೆ ನೋಡಿದಳು. ತಪ್ಪಾಯಿತು ಅನ್ನುವ ಹೆಂಗಸಲ್ಲ ಅವಳು.

“ನನ್ನ ಕಥೆ ಕೇಳ್ಕೊಂಡು ಬೆಳೆದೋಳಲ್ವಾ ನೀನು? ಮನೆಗೆ ನಾಗರ ಬಂದಾಗ ಆ ಸೊಸೆ ಏನು ಮಾಡಿದ್ಲು?”

“ಬಚ್ಚಲ ತೂತಿನಿಂದ ಆಚೆಗೆ ದಾರಿ ಬಿಟ್ಲು.”

“ಮತ್ತೆ ಇನ್ನೇನು ನಿಂತಿದ್ದೀಯ?”

ಬಯ್ಯಪ್ಪನ ಸೈಕಲ್ಲಿನ ಹಳೇ ಟ್ಯೂಬನ್ನು ಕತ್ತರಿಸಿ ತಂದೆ. ಅಜ್ಜಿಯೇ ಸುಣ್ಣ ಕೆರೆದಳು. ನಾನು ಗೂಟ ಕೀಳುತ್ತಿದ್ದಂತೆ ನಲ್ಲಿ ಬುಸ್ಸೆಂದಿತು. ತಟ್ಟನೆ ಟ್ಯೂಬನ್ನು ನಲ್ಲಿಗೆ ಸಿಕ್ಕಿಸಿ, ದಾರದಿಂದ ಬಿಗಿದು, ಇನ್ನೊಂದು ತುದಿಯನ್ನು ಕಿಟಕಿಯಿಂದ ಆಚೆಗೆ ಬಿಟ್ಟೆ. ಬುಸುಗುಡುವುದು ಹಿತ್ತಲಿಗೆ ಹೋಯಿತು. ಹುಳುಗಳು ತಲೆಯೆತ್ತಿಕೊಂಡು ಹಾಗೇ ಕೂತಿದ್ದವು. ಸ್ವಲ್ಪ ಹೊತ್ತಿಗೆ ಅಜ್ಜಿ ಪೈಪು ಮುಟ್ಟಿ, ಕೈ ಹಿಂದಕ್ಕೆಳೆದು, ಕೆಂಡದ ಬಾಣಲೆಯನ್ನು ಹೊರಗೆ ಎತ್ತಿಟ್ಟಳು.

ನಾನು ಹಜಾರಕ್ಕೆ ಬಂದಾಗ ಆರನೆಯ ಬೇಸಿನ್ನಿನ ತಳದಿಂದ ಸಣ್ಣ ಗುಳ್ಳೆಗಳು ಏಳುತ್ತಿದ್ದವು. ಆಮೇಲೆ ದೊಡ್ಡವು. ದಿಲ್ಷಾದಕ್ಕ ಒಂದು ಹಿಡಿ ಗೂಡು ಹಾಕಿದಳು. ರಾಟೆ ತಿರುಗಿತು, ತಿರುಗುತ್ತಲೇ ಇತ್ತು. ಅಪ್ಪ ಹಿಂದೆ ಬಂದು ನಿಂತು ಎಳೆಯನ್ನು ಎರಡು ಬೆರಳಿನ ನಡುವೆ ಹಾಯಿಸಿದರು. ಗೋಡೆ, ಪೈಪು, ಸುಣ್ಣ ಮೆತ್ತಿದ್ದ ನನ್ನ ಕೈ, ಒಂದೊಂದಾಗಿ ನೋಡಿದರು.

“ನಾಳೆ ಗೂಡು ಜಾಸ್ತಿ ಇದೆಯಮ್ಮ” ಎಂದರು ದಿಲ್ಷಾದಕ್ಕನಿಗೆ. “ಹೊತ್ತಿಗೆ ಮುಂಚೆ ಬಾ.”

ಅವರು ಅತ್ತ ಹೋದ ಮೇಲೆ ಅವಳು ನನ್ನನ್ನೇ ನೋಡುತ್ತಾ ನೀರಿಗೆ ಬೆರಳದ್ದಿದಳು. “ಹಾಯ್ ಅಲ್ಲಾ!” ಎಂದು ಕಿತ್ತುಕೊಂಡು, ಕೆಂಪಾದ ಬೆರಳನ್ನು ನನ್ನ ಮುಖಕ್ಕೆ ಹಿಡಿದು ತೋರಿಸಿದಳು.